ಸೌಂಡ್ ಬ್ಯಾಗ್‌ನೊಳಗಿನ ರೇಡಿಯೊ ಅಡಚಣೆ

ಸಿನಿಮಾ, ಸಾಕ್ಷ್ಯಚಿತ್ರ, ಟೀವಿ ಕಾರ್ಯಕ್ರಮಗಳ ಚಿತ್ರೀಕರಣದಲ್ಲಿ ಧ್ವನಿಗ್ರಾಹಕರು ಹೆಗಲಪಟ್ಟಿಗೆ ಸಿಕ್ಕಿಸಿ ಹೊಟ್ಟೆಯ ಮುಂದೆ ಹೊತ್ತು ತಿರುಗುವ ಚೀಲಕ್ಕೆ ಸೌಂಡ್ ಬ್ಯಾಗ್ ಎನ್ನುತ್ತಾರೆ. ನಡುವೆ ಮಿಕ್ಸರ್-ರೆಕಾರ್ಡರ್ ಇರುತ್ತದೆ. ಅದರ ಸುತ್ತ, ನಟರ ಬಟ್ಟೆಯೊಳಗೆ ಅಡಗಿಸಿದ ಲೇಪಲ್ ಮೈಕುಗಳ ಧ್ವನಿಯನ್ನು ಹಿಡಿಯುವ ರಿಸೀವರುಗಳು. ಕ್ಯಾಮೆರಾಕ್ಕೆ ಧ್ವನಿ ಕಳಿಸುವ ‘ಕ್ಯಾಮೆರಾ ಹಾಪ್’ ಟ್ರಾನ್ಸ್‌ಮಿಟರ್ ಒಂದು, ನಿರ್ದೇಶಕರ ಹೆಡ್‌ಫೋನಿಗೆ ಕಳಿಸುವ ‘ಐಎಫ್‌ಬಿ’ ಟ್ರಾನ್ಸ್‌ಮಿಟರ್ ಇನ್ನೊಂದು. ಜೊತೆಗೆ ಧ್ವನಿ-ಚಿತ್ರಗಳನ್ನು ಹೊಂದಿಸಲು ನೆರವಾಗುವ ಟೈಮ್‌ಕೋಡ್ ಪೆಟ್ಟಿಗೆ, ಬ್ಯಾಟರಿ, ವಿದ್ಯುತ್ ಹಂಚುವ ಪೆಟ್ಟಿಗೆ, ಇವುಗಳ ನಡುವೆ ಹೆಣೆದುಕೊಂಡ ಕೇಬಲ್ಲುಗಳು. ಇಷ್ಟೆಲ್ಲ ಒಂದೆರಡು ಗೇಣಿನ ಜಾಗದಲ್ಲಿ ಒಟ್ಟಿಗೆ ಕೆಲಸ ಮಾಡಬೇಕು. ಇವುಗಳಲ್ಲಿ ಒಂದು ಹೊರಸೂಸುವ ರೇಡಿಯೊ ಶಕ್ತಿ ಇನ್ನೊಂದರ ಕೆಲಸಕ್ಕೆ ಅಡ್ಡಿಯಾದಾಗ ನಟನ ಮಾತಿನ ನಡುವೆ ಚರಚರ ಸದ್ದು ಬರುತ್ತದೆ, ಮಾತು ತುಂಡಾಗುತ್ತದೆ, ಇಲ್ಲವೇ ಹತ್ತು ಹೆಜ್ಜೆ ಆಚೆ ಹೋದೊಡನೆ ಸಂಪರ್ಕವೇ ಕಡಿದುಹೋಗುತ್ತದೆ.

ಇಂಥ ತೊಂದರೆ ಬಂದಾಗ ಮೊದಲ ಅನುಮಾನ ಹೊರಗಿನವರ ಮೇಲೆ ಹೋಗುತ್ತದೆ: ಮೊಬೈಲ್ ಟವರ್, ಪಕ್ಕದ ಟೀವಿ ತಂಡ, ಪೊಲೀಸರ ವಾಕಿಟಾಕಿ. ಅವುಗಳ ಪಾಲೂ ಇದ್ದೀತು. ಆದರೆ ಚೀಲದಲ್ಲಿ ಕೆಲಸ ಮಾಡುವವರ ಮಟ್ಟಿಗೆ ಅತಿ ಪ್ರಬಲವಾದ ಅಡಚಣೆಯ ಮೂಲ ಬಹುಪಾಲು ಚೀಲದೊಳಗೇ ಇರುತ್ತದೆ, ಹಾಗಾಗಿ ಪರಿಹಾರವೂ ಅವರ ಕೈಯಳತೆಯಲ್ಲೇ ಇರುತ್ತದೆ.

ಚೀಲ ಕಿರಿದಾದ ಕಥೆ

ನಿಸ್ತಂತು ಮೈಕ್ ಸಿನಿಮಾಕ್ಕೆ ಬಂದಾಗ ಈ ಸಮಸ್ಯೆ ಇರಲಿಲ್ಲ, ಏಕೆಂದರೆ ಮೈಕುಗಳೇ ಒಂದೋ ಎರಡೋ. 1964ರ ‘ಮೈ ಫೇರ್ ಲೇಡಿ’ ಚಿತ್ರದಲ್ಲಿ ರೆಕ್ಸ್ ಹ್ಯಾರಿಸನ್ ಮೊದಲೇ ಮುದ್ರಿಸಿದ ಹಾಡಿಗೆ ತುಟಿಯಾಡಿಸಲು ಒಪ್ಪದೆ, ಕೊರಳಪಟ್ಟಿಯೊಳಗೆ ಅಡಗಿಸಿದ ನಿಸ್ತಂತು ಮೈಕಿನಲ್ಲಿ ನೇರವಾಗಿ ಹಾಡಿದರು. ಆ ಚಿತ್ರಕ್ಕೆ ಧ್ವನಿಯ ಆಸ್ಕರ್ ಬಂತು. ಹತ್ತು ವರ್ಷದ ನಂತರ ರಾಬರ್ಟ್ ಆಲ್ಟ್‌ಮನ್ ‘ಕ್ಯಾಲಿಫೋರ್ನಿಯಾ ಸ್ಪ್ಲಿಟ್’ (1974) ಚಿತ್ರದಲ್ಲೂ ಮರುವರ್ಷದ ‘ನ್ಯಾಶ್‌ವಿಲ್’ನಲ್ಲೂ ಎಂಟು ಟ್ರ್ಯಾಕಿನ ರೆಕಾರ್ಡಿಂಗ್ ಬಳಸಿ, ಒಟ್ಟೊಟ್ಟಿಗೆ ಮಾತಾಡುವ ನಟರ ಧ್ವನಿಯನ್ನು ಬೇರೆಬೇರೆಯಾಗಿ ಹಿಡಿದರು. ಅಂಥ ಸಲಕರಣೆಗಳನ್ನು ಹೆಗಲಿಗೆ ಹಾಕಿಕೊಂಡು ನಡೆಯುವಂತಿರಲಿಲ್ಲ. ಒಂದು ಪೆಟ್ಟಿಗೆಗೂ ಮತ್ತೊಂದಕ್ಕೂ ನಡುವೆ ಸಾಕಷ್ಟು ಅಂತರ ತಾನಾಗಿಯೇ ಸಿಗುತ್ತಿತ್ತು.

ಮುಂದಿನ ದಶಕಗಳಲ್ಲಿ ಎಲ್ಲವೂ ಸಣ್ಣದಾಗುತ್ತ ಬಂದವು. ಟೇಪಿನ ಬದಲು ಹಾರ್ಡ್‌ಡಿಸ್ಕ್, ಅದರ ಬದಲು ಮೆಮೊರಿ ಕಾರ್ಡ್ ಬಂತು. ಒಂದೊಂದು ಮೈಕಿಗೆ ಒಂದೊಂದು ರಿಸೀವರ್ ಬೇಕಿದ್ದಲ್ಲಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಪೆಟ್ಟಿಗೆಯಲ್ಲಿ ಎರಡು ಚಾನೆಲ್, ಆಮೇಲೆ ನಾಲ್ಕು ಚಾನೆಲ್ ಹಿಡಿಸಿದರು. ಸೌಂಡ್ ಡಿವೈಸಸ್, ಝ್ಯಾಕ್ಸ್‌ಕಾಮ್, ಝೂಮ್ ಕಂಪನಿಗಳ ಇಂದಿನ ರೆಕಾರ್ಡರುಗಳು ಎಂಟು, ಹದಿನಾರು ಅಥವಾ ಇನ್ನೂ ಹೆಚ್ಚು ಟ್ರ್ಯಾಕುಗಳನ್ನು ಒಂದು ಪುಸ್ತಕದಷ್ಟು ಜಾಗದಲ್ಲಿ ಹಿಡಿದಿಡುತ್ತವೆ. ಬೆನ್ನುನೋವಿನಿಂದ ನರಳುತ್ತಿದ್ದ ಧ್ವನಿಗ್ರಾಹಕರಿಗೆ ಇದು ವರವೇ ಸರಿ. ಆದರೆ ಯಂತ್ರಗಳ ನಡುವೆ ಮೊದಲು ಇದ್ದ ಅಂತರ ಅಳಿಯಿತು, ಅಂತರದೊಂದಿಗೆ ರಕ್ಷಣೆಯೂ ಹೋಯಿತು.

ಭಾರತದಲ್ಲಿ ಈ ಪ್ರಶ್ನೆ ತಡವಾಗಿ ಎದುರಾಯಿತು. ದಶಕಗಳ ಕಾಲ ನಮ್ಮ ಚಿತ್ರಗಳ ಮಾತು ಡಬ್ಬಿಂಗ್ ಕೋಣೆಯಲ್ಲೇ ಹುಟ್ಟುತ್ತಿತ್ತು. 2001ರ ‘ಲಗಾನ್’ ಸಿಂಕ್ ಸೌಂಡಿಗೆ, ಅಂದರೆ ಚಿತ್ರೀಕರಣದ ಹೊತ್ತಿನಲ್ಲೇ ಮಾತು ಹಿಡಿಯುವ ಪದ್ಧತಿಗೆ, ಹಿಂದಿಯಲ್ಲಿ ದೊಡ್ಡ ಗೌರವ ತಂದಿತು. 2009ರಲ್ಲಿ ‘ಸ್ಲಮ್‌ಡಾಗ್ ಮಿಲಿಯನೇರ್’ಗಾಗಿ ರೆಸೂಲ್ ಪೂಕುಟ್ಟಿ ಆಸ್ಕರ್ ಹಂಚಿಕೊಂಡಾಗ ಮುಂಬೈಯ ಗದ್ದಲದ ಬೀದಿಯಲ್ಲೂ ಸ್ಥಳದಲ್ಲೇ ಧ್ವನಿ ಹಿಡಿಯಬಹುದೆಂಬುದು ಎಲ್ಲರಿಗೂ ಗೊತ್ತಾಯಿತು. ಕನ್ನಡದಲ್ಲಿ ರಾಮ್ ರೆಡ್ಡಿ ಅವರ ‘ತಿಥಿ’ಯಂಥ ಚಿತ್ರ ಸಿಂಕ್ ಸೌಂಡ್ ಇಲ್ಲದೆ ಆಗುತ್ತಲೇ ಇರಲಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ನಟನೆಯೇ ಗೊತ್ತಿಲ್ಲದ ಮಂಡ್ಯದ ಕಡೆಯ ಹಳ್ಳಿಗರು ಆಡಿದ ಮಾತಿನ ಏರಿಳಿತವನ್ನು ತಿಂಗಳುಗಳ ನಂತರ ಮೈಕಿನ ಮುಂದೆ ಕೂರಿಸಿ ಮತ್ತೆ ಹೇಳಿಸಲಾಗದು. ಇಂಥ ಕಡೆ ರೇಡಿಯೊ ಅಡಚಣೆಯಿಂದ ಕೆಟ್ಟ ಒಂದು ಸಾಲಿಗೆ ಎರಡನೆಯ ಅವಕಾಶವೇ ಇರುವುದಿಲ್ಲ.

ಹತ್ತಿರದ ಗದ್ದಲ

ಸಮಸ್ಯೆಯ ಬೇರು ಲೆಕ್ಕದಲ್ಲಿದೆ. ಒಬ್ಬ ನಟ 30 ಮೀಟರ್ ದೂರದಲ್ಲಿ ನಿಂತಿದ್ದಾನೆ ಎನ್ನೋಣ. ಅವನ ಸೊಂಟದಲ್ಲಿ 50 ಮಿಲಿವ್ಯಾಟ್‌ನ ಟ್ರಾನ್ಸ್‌ಮಿಟರ್ ಇದೆ, ಆವರ್ತನ 550 ಮೆಗಾಹರ್ಟ್ಸ್. ತೆರೆದ ಬಯಲಿನಲ್ಲಿ ಅಷ್ಟು ದೂರ ಕ್ರಮಿಸುವಷ್ಟರಲ್ಲಿ ಸಂಕೇತ ಸುಮಾರು 57 ಡೆಸಿಬೆಲ್ ಕುಗ್ಗುತ್ತದೆ. ನಟನ ಮೈ ಇನ್ನೊಂದಿಷ್ಟು ಹೀರುತ್ತದೆ, ಅದನ್ನು 20 ಡೆಸಿಬೆಲ್ ಎಂದು ಹಿಡಿಯೋಣ. ಈಗ ಅಷ್ಟೇ ಶಕ್ತಿಯ ಕ್ಯಾಮೆರಾ ಹಾಪ್ ಟ್ರಾನ್ಸ್‌ಮಿಟರ್ ಚೀಲದಲ್ಲಿ ರಿಸೀವರಿನ ಆಂಟೆನಾದಿಂದ 30 ಸೆಂಟಿಮೀಟರ್ ಆಚೆ ಇದೆ. ಅದರ ಸಂಕೇತ ಕುಗ್ಗುವುದು ಹೆಚ್ಚೆಂದರೆ 17 ಡೆಸಿಬೆಲ್. ಎರಡರ ನಡುವಿನ ವ್ಯತ್ಯಾಸ 60 ಡೆಸಿಬೆಲ್, ಅಂದರೆ ಶಕ್ತಿಯ ಲೆಕ್ಕದಲ್ಲಿ ಹತ್ತು ಲಕ್ಷ ಪಟ್ಟು. ಕಿವಿಯ ಪಕ್ಕದಲ್ಲೇ ತಮಟೆ ಬಾರಿಸುತ್ತಿರುವಾಗ ಊರಾಚೆಯ ಪಿಸುಮಾತು ಆಲಿಸು ಎಂದು ರಿಸೀವರಿಗೆ ಹೇಳಿದಂತೆ.

ಎರಡರ ಆವರ್ತನ ಬೇರೆ ಇದ್ದರೆ ತೊಂದರೆಯಿಲ್ಲವಲ್ಲ ಎಂಬ ಪ್ರಶ್ನೆ ಸಹಜ. ಆದರ್ಶ ರಿಸೀವರಾಗಿದ್ದರೆ ಅದು ನಿಜ. ಆದರೆ ರಿಸೀವರಿನ ಬಾಗಿಲಲ್ಲಿ ಇರುವ ಶೋಧಕ ಒಂದು ಆವರ್ತನವನ್ನಷ್ಟೇ ಒಳಬಿಡುವುದಿಲ್ಲ, ಹತ್ತಾರು ಮೆಗಾಹರ್ಟ್ಸ್ ಅಗಲದ ಪಟ್ಟಿಯನ್ನೇ ಬಿಡುತ್ತದೆ. ಬಲವಾದ ಸಂಕೇತ ಅದರೊಂದಿಗೆ ನುಗ್ಗಿ ಮೊದಲ ವರ್ಧಕವನ್ನು ಅದರ ಮಿತಿಯಾಚೆ ತಳ್ಳುತ್ತದೆ. ಆಗ ರಿಸೀವರ್ ಮಂದಗಿವಿಯಾಗುತ್ತದೆ: ಕ್ಷೀಣ ಸಂಕೇತ ಅದಕ್ಕೆ ಕೇಳಿಸುವುದಿಲ್ಲ. ಬಳಸುವವರ ಕಣ್ಣಿಗೆ ಇದು ‘ರೇಂಜ್ ಕಡಿಮೆಯಾಗಿದೆ’ ಎಂದಷ್ಟೇ ಕಾಣುತ್ತದೆ. ಯಾವ ವಿಚಿತ್ರ ಸದ್ದೂ ಇಲ್ಲದ ಕಾರಣ ಅಡಚಣೆಯ ಮೇಲೆ ಸಂಶಯವೇ ಬಾರದೆ, ಒಳ್ಳೆಯ ಮೈಕ್ ಸೆಟ್ಟನ್ನು ಕಳಪೆ ಎಂದು ಬದಿಗಿಡುವವರೂ ಉಂಟು.

ಎಫ್‌ಎಂ ಮಾದರಿಯ ಅನಲಾಗ್ ಸೆಟ್ಟುಗಳಲ್ಲಿ ಇನ್ನೊಂದು ಗುಣ ತಪ್ಪು ಸಮಾಧಾನ ಕೊಡುತ್ತದೆ. ಒಂದೇ ಆವರ್ತನದಲ್ಲಿ ಎರಡು ಸಂಕೇತ ಬಂದರೆ ಎಫ್‌ಎಂ ರಿಸೀವರ್ ಬಲವಾದುದನ್ನು ಹಿಡಿದು ದುರ್ಬಲವಾದುದನ್ನು ಅದುಮುತ್ತದೆ. ನಟ ಹತ್ತಿರವಿರುವವರೆಗೆ ಅವನದೇ ಸಂಕೇತ ಗೆಲ್ಲುತ್ತದೆ, ಧ್ವನಿ ಶುದ್ಧವಾಗಿ ಕೇಳುತ್ತದೆ. ಅವನು ದೂರ ನಡೆದಾಗ ಅಥವಾ ಬೆನ್ನು ತಿರುಗಿಸಿದಾಗ ಅಡಗಿದ್ದ ಅಡಚಣೆ ಮೇಲೇಳುತ್ತದೆ. ಡಿಜಿಟಲ್ ಸೆಟ್ಟುಗಳು ದೋಷ ತಿದ್ದಿಕೊಳ್ಳುತ್ತ ಇನ್ನೂ ಸ್ವಲ್ಪ ಹೊತ್ತು ತಾಳುತ್ತವೆ, ಆಮೇಲೆ ಮುನ್ಸೂಚನೆ ಕೊಡದೆ ಒಮ್ಮೆಗೇ ಮೌನವಾಗುತ್ತವೆ. ಮೇಜಿನ ಮೇಲೆ ಎದುರೆದುರು ಇಟ್ಟು ಮಾಡುವ ಪರೀಕ್ಷೆ ಎರಡಕ್ಕೂ ಸಾಲದು.

ಹೊಸದಾಗಿ ಹುಟ್ಟುವ ಆವರ್ತನಗಳು

ಚೀಲದ ಅಡಚಣೆಗಳಲ್ಲಿ ಅತಿ ಹೆಚ್ಚು ಗೊಂದಲ ಮಾಡುವುದು ಇಂಟರ್‌ಮಾಡ್ಯುಲೇಷನ್, ಕಸುಬಿನವರ ಬಾಯಲ್ಲಿ ‘ಇಂಟರ್‌ಮಾಡ್’. ಎರಡು ಬಲವಾದ ಸಂಕೇತಗಳು ಯಾವುದೇ ವರ್ಧಕದಲ್ಲಿ ಕೂಡಿದಾಗ, ಯಾರೂ ಪ್ರಸಾರ ಮಾಡದ ಹೊಸ ಆವರ್ತನಗಳು ಹುಟ್ಟುತ್ತವೆ. ಇವುಗಳಲ್ಲಿ ಮೂರನೆಯ ಶ್ರೇಣಿಯವು ಅಪಾಯಕಾರಿ: ಒಂದು ಆವರ್ತನದ ಎರಡು ಪಟ್ಟಿನಿಂದ ಇನ್ನೊಂದನ್ನು ಕಳೆದರೆ ಬರುವ ಸಂಖ್ಯೆ. ಐಎಫ್‌ಬಿ 560 ಮೆಗಾಹರ್ಟ್ಸ್‌ನಲ್ಲೂ ಕ್ಯಾಮೆರಾ ಹಾಪ್ 566ರಲ್ಲೂ ಇದ್ದರೆ 554 ಮತ್ತು 572ರಲ್ಲಿ ಎರಡು ಭೂತ ಸಂಕೇತಗಳು ಎದ್ದು ನಿಲ್ಲುತ್ತವೆ. ನಾಯಕಿಯ ಮೈಕನ್ನು 554ಕ್ಕೆ ಹೊಂದಿಸಿದ್ದರೆ ಆ ದಿನದ ಕೆಲಸ ಕೆಟ್ಟಂತೆ.

ಮೂರು ಆವರ್ತನಗಳು ಸೇರಿಯೂ ಹೊಸತು ಹುಟ್ಟುತ್ತದೆ: ಎರಡನ್ನು ಕೂಡಿಸಿ ಮೂರನೆಯದನ್ನು ಕಳೆದರೆ ಬರುವ ಸಂಖ್ಯೆ. ಹೀಗಾಗಿ ಸೆಟ್ಟುಗಳ ಸಂಖ್ಯೆ ಏರಿದಂತೆ ಈ ಭೂತಗಳು ಬೇಕಾಬಿಟ್ಟಿ ಹೆಚ್ಚುತ್ತವೆ. ನಾಲ್ಕು ಟ್ರಾನ್ಸ್‌ಮಿಟರುಗಳಿಂದ ಮೂರನೆಯ ಶ್ರೇಣಿಯ 24 ಸಂಯೋಗಗಳು ಸಾಧ್ಯ. ಎಂಟಾದರೆ 224. ಹದಿನಾರಾದರೆ 1,920. ಬಾಯಿಲೆಕ್ಕದಲ್ಲಿ ಇವನ್ನು ತಪ್ಪಿಸುವುದು ಆಗದ ಮಾತು. ಶ್ಯೂರ್ ಕಂಪನಿಯ ‘ವೈರ್‌ಲೆಸ್ ವರ್ಕ್‌ಬೆಂಚ್’ನಂಥ ತಂತ್ರಾಂಶಗಳು ಹುಟ್ಟಿದ್ದೇ ಈ ಕಾರಣಕ್ಕೆ.

ಹೊಸಬರು ಮಾಡುವ ಒಂದು ಆಯ್ಕೆ ಮೇಲ್ನೋಟಕ್ಕೆ ಜಾಣತನವೆನಿಸುತ್ತದೆ: 540, 541, 542 ಎಂದು ಸಮಾನ ಅಂತರದಲ್ಲಿ ಆವರ್ತನಗಳನ್ನು ಹಂಚುವುದು. 541ರ ಎರಡು ಪಟ್ಟಿನಿಂದ 540 ಕಳೆದರೆ 542. ಮೊದಲೆರಡು ಮೈಕುಗಳ ಇಂಟರ್‌ಮಾಡ್ ಮೂರನೆಯದರ ನೆತ್ತಿಯ ಮೇಲೇ ಬೀಳುತ್ತದೆ. ಅನಲಾಗ್ ಸೆಟ್ಟುಗಳಿಗೆ ಅಂತರ ಅಸಮವಾಗಿರಬೇಕು. ತಯಾರಕರು ಸೆಟ್ಟಿನೊಳಗೇ ತುಂಬಿ ಕೊಡುವ ಚಾನೆಲ್ ಗುಂಪುಗಳು ಸಾಮಾನ್ಯವಾಗಿ ಹೀಗೆ ಲೆಕ್ಕ ಹಾಕಿದವೇ. ಆದರೆ ಒಂದು ಕಂಪನಿಯ ಗುಂಪು ಇನ್ನೊಂದು ಕಂಪನಿಯ ಸೆಟ್ಟನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ. ನಮ್ಮಲ್ಲಿ ಬಾಡಿಗೆಗೆ ಬರುವ ಚೀಲದಲ್ಲಿ ಎರಡು ಮೂರು ಕಂಪನಿಗಳ ಸೆಟ್ಟುಗಳು ಬೆರೆತೇ ಇರುವುದರಿಂದ ಈ ಮಾತು ಇಲ್ಲಿ ಹೆಚ್ಚು ಮುಖ್ಯ.

ಇಂಟರ್‌ಮಾಡ್ ಹುಟ್ಟುವುದು ರಿಸೀವರಿನಲ್ಲಿ ಮಾತ್ರವಲ್ಲ. ಎರಡು ಟ್ರಾನ್ಸ್‌ಮಿಟರುಗಳು ಮೈಗೆ ಮೈ ತಾಗುವಂತಿದ್ದರೆ ಒಂದರ ಸಂಕೇತ ಇನ್ನೊಂದರ ಆಂಟೆನಾದ ಮೂಲಕ ಹಿಮ್ಮುಖವಾಗಿ ನುಗ್ಗಿ, ಅದರ ಕೊನೆಯ ವರ್ಧಕದಲ್ಲಿ ಕೂಡಿ, ಹೊಸ ಆವರ್ತನವಾಗಿ ಪ್ರಸಾರವಾಗಿಬಿಡುತ್ತದೆ. ತೆರೆಯ ಮೇಲೆ ಇಬ್ಬರು ಅಪ್ಪಿಕೊಳ್ಳುವ ದೃಶ್ಯದಲ್ಲಿ ಆಗುವುದೂ ಇದೇ. ಉತ್ತಮ ಟ್ರಾನ್ಸ್‌ಮಿಟರುಗಳಲ್ಲಿ ಇಂಥ ಹಿಮ್ಮುಖ ಪ್ರವೇಶ ತಡೆಯಲು ಐಸೊಲೇಟರ್ ಎಂಬ ಏಕಮುಖ ಬಾಗಿಲು ಇರುತ್ತದೆ. ಅಗ್ಗದವುಗಳಲ್ಲಿ ಇರುವುದಿಲ್ಲ, ಬೆಲೆಯ ವ್ಯತ್ಯಾಸದ ಒಂದು ಪಾಲು ಇದಕ್ಕೇ ಹೋಗುತ್ತದೆ.

ಒಂದು ಸಮಾಧಾನವೂ ಇದೇ ಗಣಿತದಲ್ಲಿದೆ. ಮೂಲ ಸಂಕೇತಗಳೆರಡೂ 1 ಡೆಸಿಬೆಲ್ ಕುಗ್ಗಿದರೆ ಅವುಗಳಿಂದ ಹುಟ್ಟುವ ಮೂರನೆಯ ಶ್ರೇಣಿಯ ಇಂಟರ್‌ಮಾಡ್ 3 ಡೆಸಿಬೆಲ್ ಕುಗ್ಗುತ್ತದೆ. 10 ಇಳಿಸಿದರೆ 30. ಸ್ವಲ್ಪ ದೂರ ಸರಿಸುವುದು, ಸ್ವಲ್ಪ ಶಕ್ತಿ ತಗ್ಗಿಸುವುದು ಇಷ್ಟೊಂದು ಫಲ ಕೊಡಲು ಇದೇ ಕಾರಣ.

ಜಾಗ, ಆಂಟೆನಾ, ಶಕ್ತಿ

ಆದ್ದರಿಂದ ಮೊದಲ ಕೆಲಸ, ಚೀಲದೊಳಗಿನ ಟ್ರಾನ್ಸ್‌ಮಿಟರುಗಳನ್ನು ರಿಸೀವರುಗಳಿಂದ ದೂರ ಮಾಡುವುದು. ರಿಸೀವರುಗಳ ಆಂಟೆನಾ ಎಡ-ಬಲ ಮೇಲಂಚಿನಲ್ಲಿದ್ದರೆ ಹಾಪ್ ಮತ್ತು ಐಎಫ್‌ಬಿ ಕೆಳಗಿನ ಜೇಬಿಗೆ ಹೋಗಬೇಕು. ಇನ್ನೂ ಒಳ್ಳೆಯದು, ಅವನ್ನು ಚೀಲದಿಂದಲೇ ಹೊರತೆಗೆದು ಹೆಗಲಪಟ್ಟಿಯ ಬೆನ್ನಿನ ಭಾಗಕ್ಕೆ ಅಥವಾ ಸೊಂಟದ ಹಿಂಬದಿಗೆ ಸಿಕ್ಕಿಸುವುದು. ಆಗ ಹೊತ್ತವರ ದೇಹವೇ ನಡುವೆ ಗೋಡೆಯಾಗುತ್ತದೆ. ನಟನ ಮೈ ಸಂಕೇತವನ್ನು ಹೀರುವುದು ತೊಂದರೆಯಾದರೆ ಧ್ವನಿಗ್ರಾಹಕರ ಮೈ ಹೀರುವುದು ಇಲ್ಲಿ ಉಪಕಾರ. 30 ಸೆಂಟಿಮೀಟರಿನಿಂದ ಒಂದು ಮೀಟರಿಗೆ ಸರಿಸಿದರೆ ಬರಿಯ ಅಂತರದಿಂದಲೇ ಹತ್ತು ಡೆಸಿಬೆಲ್‌ಗೂ ತುಸು ಹೆಚ್ಚು ಸಿಗುತ್ತದೆ. ಹಗುರ ಕೆಲಸಗಳಲ್ಲಿ ಐಎಫ್‌ಬಿ ಟ್ರಾನ್ಸ್‌ಮಿಟರನ್ನು ನಿರ್ದೇಶಕರ ಮಾನಿಟರಿನ ಬಳಿಯ ಸ್ಟ್ಯಾಂಡಿಗೆ ಕಟ್ಟಿ, ಅಲ್ಲಿಗೆ ಒಂದೇ ಹಾಪ್ ಕಳಿಸಿ, ಚೀಲದಲ್ಲಿ ಒಂದು ಟ್ರಾನ್ಸ್‌ಮಿಟರ್ ಕಡಿಮೆ ಮಾಡುವುದೂ ಉಂಟು. ದೊಡ್ಡ ಚಿತ್ರೀಕರಣದಲ್ಲಿ ತಂತಿಯೇ ಸಾಧ್ಯವಿದ್ದರೆ ತಂತಿಯೇ ಲೇಸು.

ಆಂಟೆನಾದ ಭಂಗಿಯಿಂದಲೂ ಲಾಭವಿದೆ. ಸರಳ ಕಡ್ಡಿ ಆಂಟೆನಾ ತನ್ನ ತುದಿಯ ದಿಕ್ಕಿನಲ್ಲಿ ಅತಿ ಕಡಿಮೆ ಸೂಸುತ್ತದೆ. ಹಾಗಾಗಿ ಹಾಪ್‌ನ ಕಡ್ಡಿಯ ತುದಿ ರಿಸೀವರುಗಳತ್ತ ಮುಖಮಾಡಿರಲಿ. ರಿಸೀವರುಗಳ ಕಡ್ಡಿ ನೆಟ್ಟಗಿದ್ದರೆ ಹಾಪ್‌ನದು ಅಡ್ಡಡ್ಡ ಇರಲಿ. ಗೋಡೆ, ಮೈ, ಲೋಹದಿಂದ ತರಂಗ ಪ್ರತಿಫಲಿಸುವುದರಿಂದ ಲಾಭ ಪುಸ್ತಕದಲ್ಲಿ ಹೇಳಿದಷ್ಟು ಸಿಗದು, ಆದರೂ ಸಿಕ್ಕಷ್ಟು ಪುಕ್ಕಟೆ.

ಕಡ್ಡಿಯ ಉದ್ದ ಆವರ್ತನಕ್ಕೆ ತಕ್ಕಂತೆ ಇರಬೇಕು: 470 ಮೆಗಾಹರ್ಟ್ಸ್‌ಗೆ ಸುಮಾರು 16 ಸೆಂಟಿಮೀಟರ್, 600ರ ಆಸುಪಾಸಿಗೆ 12.5. ಒಂದು ಸೆಟ್ಟಿನ ಕಡ್ಡಿಯನ್ನು ಇನ್ನೊಂದಕ್ಕೆ ಸಿಕ್ಕಿಸಿ ಕೆಲಸ ತೆಗೆಯುವ ಅಭ್ಯಾಸ ಬಾಡಿಗೆ ಸಾಮಾನುಗಳಲ್ಲಿ ಸಾಮಾನ್ಯ. ತಪ್ಪು ಉದ್ದದ ಕಡ್ಡಿ ಬೇಕಾದ ಸಂಕೇತವನ್ನು ಕುಗ್ಗಿಸುತ್ತದೆ, ಅಡಚಣೆ ಮಾತ್ರ ಇದ್ದಂತೇ ಉಳಿಯುತ್ತದೆ. ಎರಡು ಆಂಟೆನಾಗಳ ನೆರವಿನಿಂದ ಸಂಕೇತ ಹಿಡಿಯುವ ಡೈವರ್ಸಿಟಿ ರಿಸೀವರಿನಲ್ಲಿ ಆ ಎರಡೂ ಒಂದಕ್ಕೊಂದು ಅಂಟಿಕೊಂಡಿದ್ದರೆ ಎರಡೂ ಒಂದೇ ಮಾತು ಕೇಳುತ್ತವೆ. ಕನಿಷ್ಠ ತರಂಗದುದ್ದದ ಕಾಲು ಭಾಗದಷ್ಟಾದರೂ ಅಂತರ ಬೇಕು.

ನಾಲ್ಕು ರಿಸೀವರುಗಳಿಗೆ ಎಂಟು ಕಡ್ಡಿಗಳ ಪೊದೆ ಬೆಳೆಸುವ ಬದಲು ಎರಡೇ ಒಳ್ಳೆಯ ಆಂಟೆನಾಗಳನ್ನು ಹೆಗಲಪಟ್ಟಿಯ ಎತ್ತರಕ್ಕೆ ಕಟ್ಟಿ, ಹಂಚುವ ಪೆಟ್ಟಿಗೆಯ ಮೂಲಕ ಎಲ್ಲ ರಿಸೀವರುಗಳಿಗೆ ಕೊಡುವುದು ಇಂದಿನ ರೂಢಿ. ಆಂಟೆನಾ ಚೀಲದ ಲೋಹದಿಂದ, ಮಿಕ್ಸರಿನ ಗದ್ದಲದಿಂದ ಮೇಲೆ ಬರುತ್ತದೆ. ಆದರೆ ಹಂಚುವ ಪೆಟ್ಟಿಗೆಯಲ್ಲೂ ವರ್ಧಕ ಇರುತ್ತದೆ. ಅದರ ಮುಂದೆ ಸರಿಯಾದ ಶೋಧಕ ಇಲ್ಲದಿದ್ದರೆ ಆ ವರ್ಧಕವೇ ಇಂಟರ್‌ಮಾಡ್ ಕಾರ್ಖಾನೆಯಾಗುತ್ತದೆ, ಒಂದು ರಿಸೀವರಿಗೆ ಆಗುತ್ತಿದ್ದ ತೊಂದರೆ ಎಲ್ಲಕ್ಕೂ ಹರಡುತ್ತದೆ. ಕೊಳ್ಳುವಾಗ ಚಾನೆಲ್ಲುಗಳ ಸಂಖ್ಯೆಗಿಂತ ಶೋಧಕದ ಗುಣ ನೋಡಬೇಕು.

ಇನ್ನು ಶಕ್ತಿ. ಸಂಪರ್ಕ ಕಡಿದರೆ 50 ಮಿಲಿವ್ಯಾಟಿನಿಂದ 250ಕ್ಕೆ ಏರಿಸುವುದು ಕೈಗೆ ಮೊದಲು ಬರುವ ಉಪಾಯ. ನಟರ ಟ್ರಾನ್ಸ್‌ಮಿಟರಿಗೆ ಅದು ಕೆಲವೊಮ್ಮೆ ಬೇಕಾದೀತು. ಕ್ಯಾಮೆರಾ ಹಾಪ್‌ಗೆ ಮಾತ್ರ ಖಂಡಿತ ಬೇಡ. ಕ್ಯಾಮೆರಾ ಸಾಮಾನ್ಯವಾಗಿ ಕೆಲವೇ ಮೀಟರ್ ಆಚೆ ಇರುತ್ತದೆ, 10 ಅಥವಾ 25 ಮಿಲಿವ್ಯಾಟ್ ಅದಕ್ಕೆ ಧಾರಾಳ. 50ರಿಂದ 10ಕ್ಕೆ ಇಳಿಸಿದರೆ 7 ಡೆಸಿಬೆಲ್ ತಗ್ಗುತ್ತದೆ, ಬ್ಯಾಟರಿಯೂ ಉಳಿಯುತ್ತದೆ.

ಬ್ಯಾಂಡ್ ಹಂಚಿಕೆ

ಜಾಗದ ಅಂತರದ ನಂತರ ಆವರ್ತನದ ಅಂತರ. ಅಮೆರಿಕದ ಲೆಕ್ಟ್ರೋಸೋನಿಕ್ಸ್ ಕಂಪನಿ ತನ್ನ ಸೆಟ್ಟುಗಳನ್ನು ಬಹುಕಾಲ 25.6 ಮೆಗಾಹರ್ಟ್ಸ್ ಅಗಲದ ‘ಬ್ಲಾಕ್’ಗಳಲ್ಲಿ ಮಾರಿದೆ. ಬ್ಲಾಕಿನ ಸಂಖ್ಯೆಯನ್ನು 25.6ರಿಂದ ಗುಣಿಸಿದರೆ ಅದರ ಆರಂಭದ ಆವರ್ತನ ಸಿಗುತ್ತದೆ: 19ನೇ ಬ್ಲಾಕ್ 486.4ರಿಂದ, 20 ಎಂದರೆ 512ರಿಂದ, 21 ಎಂದರೆ 537.6ರಿಂದ. ಮೈಕುಗಳೆಲ್ಲ 19ರಲ್ಲಿದ್ದು ಹಾಪ್ 22ರಲ್ಲಿದ್ದರೆ ರಿಸೀವರಿನ ಮುಂಬಾಗಿಲ ಶೋಧಕವೇ ಹಾಪ್‌ನ ಶಕ್ತಿಯ ಬಹುಪಾಲನ್ನು ತಡೆಯುತ್ತದೆ. ಎರಡೂ ಒಂದೇ ಬ್ಲಾಕಿನಲ್ಲಿದ್ದರೆ ಆ ಶೋಧಕ ಇದ್ದೂ ಇಲ್ಲದಂತೆ. ಈಚಿನ ಅಗಲ ಬ್ಯಾಂಡಿನ ಸೆಟ್ಟುಗಳು ಬೇಕಾದಲ್ಲಿಗೆ ಸರಿಯುವ ಸ್ವಾತಂತ್ರ್ಯ ಕೊಡುತ್ತವೆ, ಆದರೆ ಅಗಲ ಬಾಗಿಲಿನಿಂದ ಅನಗತ್ಯದ್ದೂ ಒಳಬರುತ್ತದೆ. ಬೇಕಾದ ಆವರ್ತನದ ಬೆನ್ನುಹತ್ತಿ ತಾನೂ ಸರಿಯುವ ಶೋಧಕ ದುಬಾರಿ ಸೆಟ್ಟುಗಳಲ್ಲಿ ಮಾತ್ರ ಕಾಣಸಿಗುತ್ತದೆ.

ಅಮೆರಿಕದಲ್ಲಿ ಹಲವರು ಐಎಫ್‌ಬಿಯನ್ನು ಈ ಮೈಕುಗಳ ಯುಎಚ್‌ಎಫ್ ಪಟ್ಟಿಯಿಂದಲೇ ಹೊರಗೆ ಕಳಿಸುತ್ತಾರೆ. ಕಾಮ್‌ಟೆಕ್ ಕಂಪನಿಯ ಹಳೆಯ, ಗಟ್ಟಿಮುಟ್ಟಾದ ಸೆಟ್ಟುಗಳು 216 ಮೆಗಾಹರ್ಟ್ಸ್ ಸುತ್ತ ಕೆಲಸ ಮಾಡುತ್ತವೆ. ಧ್ವನಿಯ ಗುಣ ಮೈಕ್ ಸೆಟ್ಟಿನಷ್ಟು ಇಲ್ಲ. ನಿರ್ದೇಶಕರು ಸಂಭಾಷಣೆ ಕೇಳಲು ಅಷ್ಟು ಸಾಕು, ರಿಸೀವರುಗಳಂತೂ ನೆಮ್ಮದಿಯಾಗಿರುತ್ತವೆ.

ರೇಡಿಯೊ ಅಲ್ಲದ ರೇಡಿಯೊ ಮೂಲಗಳು

ಚೀಲದಲ್ಲಿ ಪ್ರಸಾರ ಮಾಡಲೆಂದೇ ಇರುವ ಯಂತ್ರಗಳು ಎರಡೋ ಮೂರೋ. ಉಳಿದವು ಬೇಡದೆಯೂ ಪ್ರಸಾರ ಮಾಡುತ್ತವೆ. ರೆಕಾರ್ಡರಿನ ಪ್ರೊಸೆಸರ್, ಪರದೆ, ಕಾರ್ಡಿಗೆ ಬರೆಯುವ ಸರ್ಕ್ಯೂಟ್, ಬ್ಯಾಟರಿಯ ವೋಲ್ಟೇಜನ್ನು ಏರಿಸಿ ಇಳಿಸುವ ಸ್ವಿಚಿಂಗ್ ಪರಿವರ್ತಕಗಳೆಲ್ಲ ಯುಎಚ್‌ಎಫ್‌ವರೆಗೆ ಹಬ್ಬುವ ಗೊಜಗೊಜ ಸದ್ದನ್ನು ಸೂಸುತ್ತವೆ. ಕೇಬಲ್ಲುಗಳು ಅದಕ್ಕೆ ಆಂಟೆನಾ ಆಗುತ್ತವೆ. ರಿಸೀವರಿಗೆ ಹೋಗುವ ವಿದ್ಯುತ್ ಕೇಬಲ್ ಅದರ ಆಂಟೆನಾದ ಪಕ್ಕದಲ್ಲೇ ಹಾದುಹೋದರೆ ಸೀದಾ ದಾರಿ ಸಿಕ್ಕಂತಾಯಿತು.

2012ರಲ್ಲಿ ಇಂಟೆಲ್ ಪ್ರಕಟಿಸಿದ ಒಂದು ಪ್ರಬಂಧ ಇಂಥದ್ದೇ ಸಂಗತಿಯನ್ನು ಎತ್ತಿ ತೋರಿಸಿತು: ಯುಎಸ್‌ಬಿ 3.0 ಕೇಬಲ್, ಕನೆಕ್ಟರುಗಳಿಂದ ಹೊಮ್ಮುವ ಸದ್ದು 2.4 ಗಿಗಾಹರ್ಟ್ಸ್ ಪಟ್ಟಿಯ ಮೇಲೇ ಬಿದ್ದು, ಹತ್ತಿರದ ನಿಸ್ತಂತು ಮೌಸ್ ಕೂಡ ತಡವರಿಸುವಂತೆ ಮಾಡುತ್ತದೆ. ಇದಕ್ಕೆ ಅದು ಸೂಚಿಸಿದ ಉಪಾಯಗಳು ಕವಚ ಮತ್ತು ಅಂತರ. ಚೀಲದಿಂದ ಎಸ್‌ಎಸ್‌ಡಿಗೆ ಬ್ಯಾಕಪ್ ಮಾಡುವವರು, ಕ್ಯಾಮೆರಾದ ಮೇಲಿನ ಮಾನಿಟರಿಗೆ ಅಗ್ಗದ ಎಚ್‌ಡಿಎಂಐ ಕೇಬಲ್ ಬಳಸುವವರು ಇದನ್ನು ನೆನಪಿಡಬೇಕು. ಹಾಪ್ ರಿಸೀವರ್ ಕುಳಿತಿರುವುದು ಆ ಕ್ಯಾಮೆರಾದ ಮೇಲೇ.

ಇದಕ್ಕೆ ಮದ್ದು ಫೆರೈಟ್. 1930ರಲ್ಲಿ ಟೋಕಿಯೊದಲ್ಲಿ ಕಾಟೊ ಯೊಗೊರೊ ಮತ್ತು ತಾಕೇಯಿ ತಾಕೇಶಿ ಕಂಡುಹಿಡಿದ ಈ ಕಪ್ಪು ವಸ್ತುವನ್ನು ಮಾರುಕಟ್ಟೆಗೆ ತರಲೆಂದೇ 1935ರಲ್ಲಿ ಟಿಡಿಕೆ ಕಂಪನಿ ಹುಟ್ಟಿತು. ಕೇಬಲ್ ಮೇಲೆ ಕಚ್ಚಿ ಕೂರುವ ಫೆರೈಟ್ ಕ್ಲಿಪ್ ತಂತಿಯ ಹೊರಮೈಯಲ್ಲಿ ಹರಿಯುವ ರೇಡಿಯೊ ಪ್ರವಾಹವನ್ನು ಹೀರಿ ಶಾಖವಾಗಿಸುತ್ತದೆ. ಆದರೆ ಎಲ್ಲ ಫೆರೈಟ್ ಒಂದೇ ಅಲ್ಲ. ಫೇರ್-ರೈಟ್ ಕಂಪನಿಯ 31ನೇ ಮಿಶ್ರಣ 300 ಮೆಗಾಹರ್ಟ್ಸ್‌ನೊಳಗಿನ ಸದ್ದಿಗೆ ಹೇಳಿದ್ದು, 61ನೇ ಮಿಶ್ರಣ 200ರಿಂದ 1,000ದವರೆಗಿನದಕ್ಕೆ. ಅಂಗಡಿಯಲ್ಲಿ ಸಿಕ್ಕ ಹೆಸರಿಲ್ಲದ ಕ್ಲಿಪ್ಪನ್ನು ಹಾಕಿ ‘ಏನೂ ಉಪಯೋಗವಾಗಲಿಲ್ಲ’ ಎನ್ನುವವರು ಬಹುಶಃ ತಪ್ಪು ಮಿಶ್ರಣ ಕೊಂಡಿರುತ್ತಾರೆ. ಕವಚವಿರುವ ಕೇಬಲ್, ಬೇಕಾದಷ್ಟೇ ಉದ್ದ, ಆಂಟೆನಾ ಕೇಬಲ್ಲಿನಿಂದ ಬೇರೆ ದಾರಿ, ಬಿಗಿಯಾದ ಎಸ್‌ಎಂಎ ಕನೆಕ್ಟರ್ ಕೂಡ ಅಷ್ಟೇ ಮುಖ್ಯ.

ಜೇಬಿನ ಮೊಬೈಲನ್ನು ಮರೆಯುವಂತಿಲ್ಲ. 2ಜಿ ಫೋನ್ ಸೆಕೆಂಡಿಗೆ ಸುಮಾರು 217 ಬಾರಿ ಮಿಡಿಯುತ್ತ ಪ್ರಸಾರ ಮಾಡುವುದರಿಂದಲೇ ಸ್ಪೀಕರಿನಲ್ಲಿ ಆ ಪರಿಚಿತ ಟರ್‌ಟರ್ ಸದ್ದು. ಅದು ರಿಸೀವರಿಗಿಂತ ಮೈಕಿನ ತಂತಿಗೆ, ಆಡಿಯೊ ಸರ್ಕ್ಯೂಟಿಗೆ ನೇರ ಹೊಗುತ್ತದೆ. 4ಜಿ, 5ಜಿಯಲ್ಲಿ ಸದ್ದಿನ ರೂಪ ಬೇರೆ, ಪೀಡೆ ಪೂರ್ತಿ ಹೋಗಿಲ್ಲ.

2.4 ಗಿಗಾಹರ್ಟ್ಸ್‌ನ ಸಂತೆ

ರೋಡ್, ಡಿಜೆಐ ಕಂಪನಿಗಳ ಪುಟ್ಟ ಮೈಕುಗಳು ಯೂಟ್ಯೂಬ್ ಮಾಡುವವರ, ಮದುವೆ ವಿಡಿಯೊದವರ ಕೈಗೆ ಬಂದ ಮೇಲೆ 2.4 ಗಿಗಾಹರ್ಟ್ಸ್ ತುಂಬಿ ತುಳುಕುತ್ತಿದೆ. 2005ರಿಂದ ಭಾರತದಲ್ಲಿ ನಿಗದಿತ ಮಿತಿಯೊಳಗೆ ಇದಕ್ಕೆ ಪರವಾನಗಿ ಬೇಕಿಲ್ಲ, ಜನಪ್ರಿಯತೆಗೆ ಅದೇ ಕಾರಣ. ಆದರೆ ಅದೇ ಪಟ್ಟಿಯಲ್ಲಿ ವೈಫೈ, ಬ್ಲೂಟೂತ್, ಮೈಕ್ರೋವೇವ್ ಒಲೆ, ಕ್ಯಾಮೆರಾದ ನಿಸ್ತಂತು ಫೋಕಸ್, ಕೆಲವು ಡ್ರೋನ್ ಎಲ್ಲ ಇವೆ. ಒಂದು ವೈಫೈ ಚಾನೆಲ್ 20 ಮೆಗಾಹರ್ಟ್ಸ್ ನುಂಗುತ್ತದೆ. ಒಂದರ ಮೇಲೊಂದು ಬೀಳದ ಚಾನೆಲ್ಲುಗಳು 1, 6, 11 ಎಂಬ ಮೂರೇ. ಚೀಲದೊಳಗೆ ಇದಕ್ಕೆ ಪರಿಹಾರ ಸುಲಭ: ಟೈಮ್‌ಕೋಡ್ ಪೆಟ್ಟಿಗೆಗಳನ್ನು ಬೆಳಗ್ಗೆ ಹೊಂದಿಸಿದ ಮೇಲೆ ಬೇಡವಾದ ಬ್ಲೂಟೂತ್ ಆರಿಸಿ, ಮಿಕ್ಸರಿನ ನಿಸ್ತಂತು ನಿಯಂತ್ರಣ ಬೇಕಾದಾಗ ಮಾತ್ರ ಹಚ್ಚಿ, ಫೋನನ್ನು ಫ್ಲೈಟ್ ಮೋಡಿಗೆ ಹಾಕಿ.

ಪರೀಕ್ಷೆಯ ಕ್ರಮ

ಸ್ಥಳಕ್ಕೆ ಹೋದ ಮೇಲೆ ಮೊದಲು ತಮ್ಮ ಟ್ರಾನ್ಸ್‌ಮಿಟರುಗಳನ್ನೆಲ್ಲ ಆರಿಸಿ, ರಿಸೀವರಿನ ಸ್ಕ್ಯಾನ್ ಅಥವಾ ಅಂಗೈಯಗಲದ ಸ್ಪೆಕ್ಟ್ರಮ್ ಅನಲೈಸರಿನಿಂದ ಗಾಳಿಯಲ್ಲಿ ಏನಿದೆ ಎಂದು ನೋಡುವುದು ರೂಢಿ. ಖಾಲಿ ಜಾಗಗಳನ್ನು ತಂತ್ರಾಂಶಕ್ಕೆ ಕೊಟ್ಟು, ಇಂಟರ್‌ಮಾಡ್ ತಪ್ಪಿಸಿ ಆವರ್ತನ ಆರಿಸಬೇಕು. ಹಾಪ್ ಮತ್ತು ಐಎಫ್‌ಬಿಯನ್ನೂ ಆ ಲೆಕ್ಕಕ್ಕೆ ಸೇರಿಸಬೇಕು, ಬಹಳ ಜನ ಬಿಡುವುದು ಇವೆರಡನ್ನೇ.

ಆಮೇಲಿನ ಹಂತ ನಿಜವಾಗಿ ಚೀಲದ ಗುಟ್ಟು ಬಿಚ್ಚಿಡುತ್ತದೆ. ನಟರ ಟ್ರಾನ್ಸ್‌ಮಿಟರುಗಳು ಆರಿರುವಂತೆಯೇ, ಚೀಲದ ಒಂದೊಂದೇ ಯಂತ್ರವನ್ನು ಹಚ್ಚುತ್ತ ಪ್ರತಿ ರಿಸೀವರಿನ ಸಂಕೇತ ಸೂಚಕದತ್ತ ಕಣ್ಣಿಡಬೇಕು. ರೆಕಾರ್ಡರ್ ಹಚ್ಚಿದಾಗ ಮುಳ್ಳು ಏರಿದರೆ ಅದರ ಸದ್ದು, ಐಎಫ್‌ಬಿ ಹಚ್ಚಿದಾಗ ಏರಿದರೆ ಅದರದ್ದು, ಹಾಪ್ ಮತ್ತು ಐಎಫ್‌ಬಿ ಎರಡೂ ಹಚ್ಚಿದಾಗ ಮಾತ್ರ ಏರಿದರೆ ಇಂಟರ್‌ಮಾಡ್. ಅನುಮಾನದ ರಿಸೀವರನ್ನು ವಿದ್ಯುತ್ ಹಂಚುವ ಪೆಟ್ಟಿಗೆಯಿಂದ ಬಿಡಿಸಿ ಅದರದ್ದೇ ಸೆಲ್ ಹಾಕಿ ನೋಡಿದಾಗ ತೊಂದರೆ ಮಾಯವಾದರೆ, ದೋಷ ವಿದ್ಯುತ್ ಕೇಬಲ್ಲಿನ ದಾರಿಯಲ್ಲಿದೆ. ಸೂಚಕ ಏರದೆ ಮಂದಗಿವಿಯಾಗುವ ದೋಷ ಮಾತ್ರ ಇದರಲ್ಲಿ ಸಿಗದು. ಅದಕ್ಕೆ ಸಹಾಯಕರೊಬ್ಬರು ಟ್ರಾನ್ಸ್‌ಮಿಟರ್ ಕಟ್ಟಿಕೊಂಡು ಮಾತಾಡುತ್ತ ದೂರ ನಡೆಯಬೇಕು, ಒಮ್ಮೆ ಹಾಪ್ ಆರಿಸಿ, ಒಮ್ಮೆ ಹಚ್ಚಿ. ಎರಡು ನಡಿಗೆಯ ದೂರದಲ್ಲಿ ದೊಡ್ಡ ವ್ಯತ್ಯಾಸ ಕಂಡರೆ ಹಾಪ್‌ನ ಜಾಗ ಬದಲಾಗಬೇಕು. ಈ ಪರೀಕ್ಷೆಗಳ ಹೊತ್ತಿನಲ್ಲಿ ನಟರ ಟ್ರಾನ್ಸ್‌ಮಿಟರುಗಳನ್ನು ಒಂದೇ ಡಬ್ಬಿಯಲ್ಲಿ ರಾಶಿ ಹಾಕಿ ಹಚ್ಚಿಡಬಾರದು. ಅವುಗಳ ನಡುವೆಯೇ ಇಂಟರ್‌ಮಾಡ್ ಹುಟ್ಟಿ ಇಲ್ಲದ ತೊಂದರೆ ಇದೆಯೆನಿಸುತ್ತದೆ.

ಭಾರತದ ತರಂಗಾಂತರ ಮತ್ತು ಹೊರಗಿನ ಸೆಟ್ಟುಗಳು

ಎಷ್ಟೇ ಶಿಸ್ತಾಗಿ ಚೀಲ ಕಟ್ಟಿದರೂ ಸೆಟ್ಟಿನ ಬ್ಯಾಂಡೇ ತಪ್ಪಾಗಿದ್ದರೆ ಪ್ರಯೋಜನವಿಲ್ಲ. ಅಮೆರಿಕದಲ್ಲಿ 2010ರ ಜೂನ್ 12ರಿಂದ 700 ಮೆಗಾಹರ್ಟ್ಸ್‌ನಲ್ಲಿ ನಿಸ್ತಂತು ಮೈಕ್ ನಿಷಿದ್ಧವಾಯಿತು. 2017ರಲ್ಲಿ ಮುಗಿದ ತರಂಗಾಂತರ ಹರಾಜಿನ ಫಲವಾಗಿ 600ರ ಬಹುಭಾಗವೂ 2020ರ ಜುಲೈ 13ರ ಹೊತ್ತಿಗೆ ಕೈಬಿಟ್ಟುಹೋಯಿತು. ಅಲ್ಲಿ ಬಳಸುವಂತಿಲ್ಲದ ಹಳೆಯ ಸೆಟ್ಟುಗಳು ಅಗ್ಗದ ಬೆಲೆಗೆ ಬೇರೆ ದೇಶಗಳಲ್ಲಿ ಸಿಗುತ್ತವೆ. ಆದರೆ ಭಾರತದಲ್ಲೂ 2022ರ ಹರಾಜಿನಲ್ಲಿ ಜಿಯೊ ದೇಶದ 22 ವಲಯಗಳಲ್ಲೂ 700 ಮೆಗಾಹರ್ಟ್ಸ್ ಕೊಂಡಿತು. ಈ ಬ್ಯಾಂಡಿನಲ್ಲಿ ಫೋನುಗಳು 703ರಿಂದ 748ರ ನಡುವೆ, ಟವರುಗಳು 758ರಿಂದ 803ರ ನಡುವೆ ಪ್ರಸಾರ ಮಾಡುತ್ತವೆ. ಅದೇ ಹರಾಜಿನಲ್ಲಿ 600 ಮೆಗಾಹರ್ಟ್ಸ್‌ಗೆ ಯಾರೂ ಬಿಡ್ ಹಾಕಲಿಲ್ಲ, ಆದರೆ ಆ ಪಟ್ಟಿ ಮೊಬೈಲ್‌ಗೆಂದು ಗುರುತಾಗಿದೆ.

ಅಮೆರಿಕದಲ್ಲಿ ಪರವಾನಗಿ ಪಡೆದು ಬಳಸಬಹುದಾದ 941ರಿಂದ 960ರ ಮೈಕ್ ಬ್ಯಾಂಡ್ ಇಲ್ಲಿ 900 ಮೆಗಾಹರ್ಟ್ಸ್ ಮೊಬೈಲ್ ಟವರುಗಳ ಪ್ರಸಾರದ ನಡುವೆ ಬೀಳುತ್ತದೆ. ಅಲ್ಲಿ ಯಾರು ಬೇಕಾದರೂ ಬಳಸುವ 902ರಿಂದ 928ರ ಪಟ್ಟಿಯ ಮೊದಲರ್ಧ ಇಲ್ಲಿ ಫೋನುಗಳು ಟವರಿಗೆ ಕಳಿಸುವ ದಾರಿ. ಅಮೆರಿಕದ ಕೈಪಿಡಿಗಳಲ್ಲಿ ‘ಹಾಪ್‌ಗೆ 900 ಬಳಸಿ’ ಎಂಬ ಸಲಹೆ ಓದಿ ಬೆಂಗಳೂರಿನಲ್ಲಿ ಪಾಲಿಸಿದರೆ ಧ್ವನಿಯೂ ಕೆಡುತ್ತದೆ, ಊರವರ ಫೋನಿಗೂ ತೊಂದರೆ. ಟೀವಿ ಚಾನೆಲ್ಲಿನ ಅಗಲವೂ ಬೇರೆ: ಅಮೆರಿಕದಲ್ಲಿ 6 ಮೆಗಾಹರ್ಟ್ಸ್, ಭಾರತದ ಯುಎಚ್‌ಎಫ್‌ನಲ್ಲಿ 8. ತಂತ್ರಾಂಶದಲ್ಲಿ ದೇಶ ಬದಲಿಸದೆ ಲೆಕ್ಕ ಹಾಕಿದರೆ ಉತ್ತರ ತಪ್ಪುತ್ತದೆ. ತರಂಗಾಂತರದ ಹಂಚಿಕೆ, ಪರವಾನಗಿ ನೋಡಿಕೊಳ್ಳುವುದು ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ.

ಹೊಸ ದಾರಿ

ಡಿಜಿಟಲ್ ಸೆಟ್ಟುಗಳು ಇಂಟರ್‌ಮಾಡ್ ಗಣಿತವನ್ನು ಸಡಿಲಿಸಿವೆ. 2017ರಲ್ಲಿ ಬಂದ ಸೆನ್‌ಹೈಸರ್ ಡಿಜಿಟಲ್ 6000 ಟ್ರಾನ್ಸ್‌ಮಿಟರುಗಳು ತಾವೇ ಹುಟ್ಟಿಸುವ ಇಂಟರ್‌ಮಾಡ್ ಎಷ್ಟು ಕಡಿಮೆಯೆಂದರೆ, ಸಮಾನ ಅಂತರದ ಆವರ್ತನಗಳನ್ನೇ ಕಂಪನಿ ಶಿಫಾರಸು ಮಾಡುತ್ತದೆ. ಟ್ರಾನ್ಸ್‌ಮಿಟರಿನೊಳಗೇ ಕಾರ್ಡಿಗೆ ರೆಕಾರ್ಡ್ ಮಾಡುವ ಸೆಟ್ಟುಗಳೂ ಬಂದಿವೆ. ಗಾಳಿಯಲ್ಲಿ ಮಾತು ಕಳೆದರೂ ನಟನ ಸೊಂಟದಲ್ಲಿ ಅದರ ಪ್ರತಿ ಉಳಿದಿರುತ್ತದೆ. ಅಮೆರಿಕದ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಎಫ್‌ಸಿಸಿ 2024ರ ಫೆಬ್ರುವರಿಯಲ್ಲಿ ಒಪ್ಪಿಗೆ ಕೊಟ್ಟ ಡಬ್ಲ್ಯುಎಂಎಎಸ್ ಪದ್ಧತಿ ಇನ್ನೂ ಮುಂದಕ್ಕೆ ಹೋಗುತ್ತದೆ: ಒಂದು ಟೀವಿ ಚಾನೆಲ್ಲಿನಷ್ಟು ಅಗಲದ ಒಂದೇ ಪಟ್ಟಿಯಲ್ಲಿ ಹಲವಾರು ಮೈಕುಗಳು ಸರದಿಯ ಮೇಲೆ ಮಾತಾಡುತ್ತವೆ, ಅದೇ ಪಟ್ಟಿಯಲ್ಲಿ ಹೆಡ್‌ಫೋನಿಗೂ ಧ್ವನಿ ಮರಳುತ್ತದೆ. ಸೆನ್‌ಹೈಸರ್ ಅದೇ ವರ್ಷ ಪ್ರಕಟಿಸಿದ ಸ್ಪೆಕ್ಟೆರಾ ಈ ಬಗೆಯದು. ಸದ್ಯಕ್ಕೆ ಅದರ ಮೂಲ ಯಂತ್ರ ವೇದಿಕೆ, ಸ್ಟುಡಿಯೊಗಳ ರ‍್ಯಾಕಿಗೆಂದು ಮಾಡಿದ್ದು, ಹೆಗಲ ಚೀಲಕ್ಕೆ ಅಲ್ಲ.